ಈಸ್ಟ್ ಕಿಲ್‌ಬ್ರೈಡಿನ ಅಣ್ಣತಮ್ಮಂದಿರು

1991ರ ದಸರಾ ರಜೆ. ಬೆಂಗಳೂರಿನ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದ ನನ್ನ ಮಗ ಊರಿಗೆ ಬಂದಿದ್ದ. ಒಂದು ಮಧ್ಯಾಹ್ನ ನಾನು ಊಟ ಮುಗಿಸಿ ಒರಗಿಕೊಂಡಿರುವಾಗ ನಡುಮನೆಯಿಂದ ವಿಚಿತ್ರವಾದ ಸದ್ದೊಂದು ಕೇಳಿಬಂತು. ಗರಗಸದಿಂದ ತಗಡು ಕೊಯ್ದಂತೆ. ಅದರ ನಡುವೆ, ಬಾವಿಯ ತಳದಲ್ಲಿ ಕುಳಿತು ಯಾರೋ ಮೆಲುದನಿಯಲ್ಲಿ ಹಾಡಿಕೊಳ್ಳುತ್ತಿರುವಂತೆ. ನಾನು ವೃತ್ತಿಯಿಂದ ಎಂಜಿನಿಯರಿಂಗ್ ಕಾಲೇಜಿನ ಮೇಷ್ಟರು. ಯಂತ್ರ ಕೆಟ್ಟರೆ ಸುಮ್ಮನಿರಲಾರೆ. ಎದ್ದುಹೋಗಿ ಟೇಪ್ ರೆಕಾರ್ಡರನ್ನು ನಿಲ್ಲಿಸಿ, ಕಡ್ಡಿಗೆ ಹತ್ತಿ ಸುತ್ತಿ, ಸ್ಪಿರಿಟ್ಟಿನಲ್ಲಿ ಅದ್ದಿ ಅದರ ಹೆಡ್ಡನ್ನು ಒರೆಸಿದೆ. ಮತ್ತೆ ಹಾಕಿದೆ. ಗರಗಸ ನಿಲ್ಲಲಿಲ್ಲ. ಎರಡನೆಯ ಸಲ ಒರೆಸಲು ಹೊರಟಾಗ ಮಗ ನಗು ತಡೆಯಲಾರದೆ, “ಅಪ್ಪ, ಹೆಡ್ಡು ಸರಿಯಾಗಿಯೇ ಇದೆ. ಹಾಡೇ ಹಾಗೆ,” ಎಂದ. ಆಮೇಲೆ, “ಇವರು ನಿಮಗೆ ಗೊತ್ತಿರಬೇಕು. ನೀವಿದ್ದ ಊರಿನವರೇ. ಈಸ್ಟ್ ಕಿಲ್‌ಬ್ರೈಡ್,” ಎಂದ.

ನಾನು ಆ ಊರಿನಲ್ಲಿದ್ದುದು ನಿಜ. 1984ರ ಸೆಪ್ಟೆಂಬರಿನಿಂದ ಮುಂದಿನ ವರ್ಷದ ಆಗಸ್ಟಿನವರೆಗೆ ಅಲ್ಲಿನ ರಾಷ್ಟ್ರೀಯ ಎಂಜಿನಿಯರಿಂಗ್ ಪ್ರಯೋಗಾಲಯದಲ್ಲಿ, ಕೊಳವೆಗಳಲ್ಲಿ ಹರಿಯುವ ದ್ರವವನ್ನು ಅಳೆಯುವ ವಿಧಾನಗಳನ್ನು ಕಲಿಯಲು ಹೋಗಿದ್ದೆ. ಅಷ್ಟು ತಿಂಗಳಲ್ಲಿ, ಆ ಊರಿನಲ್ಲಿ ಹಾಡು ಹುಟ್ಟಬಹುದೆಂಬ ಅನುಮಾನ ನನಗೆ ಒಂದು ದಿನವೂ ಬಂದಿರಲಿಲ್ಲ. ಹರಿವನ್ನು ಅಳೆಯಲು ಹೋದವನಿಗೆ ಕಾಲಬುಡದಲ್ಲಿ ಹರಿದದ್ದು ಕಾಣಲಿಲ್ಲ. ನಾನು ಕಾಣದೆ ಬಂದ ಆ ಸಂಗತಿಯನ್ನೇ ಇಂದು ತಮ್ಮೊಡನೆ ಹಂಚಿಕೊಳ್ಳಬೇಕೆಂದಿದ್ದೇನೆ. ಅದು ಇಬ್ಬರು ಅಣ್ಣತಮ್ಮಂದಿರ ಕಥೆ. ಅವರು ಕಟ್ಟಿದ ‘ದಿ ಜೀಸಸ್ ಅಂಡ್ ಮೇರಿ ಚೈನ್’ ಎಂಬ ವಾದ್ಯವೃಂದದ ಕಥೆ.

ಮೊದಲು ಊರಿನ ವಿಷಯ ಹೇಳಬೇಕು. ಅದಿಲ್ಲದೆ ಹಾಡು ಅರ್ಥವಾಗುವುದಿಲ್ಲ. ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಿಂದ ಆಗ್ನೇಯಕ್ಕೆ ಹನ್ನೆರಡು ಹದಿಮೂರು ಕಿಲೋಮೀಟರ್ ದೂರದಲ್ಲಿ ಈಸ್ಟ್ ಕಿಲ್‌ಬ್ರೈಡ್ ಇದೆ. ಎರಡನೆಯ ಮಹಾಯುದ್ಧ ಮುಗಿದಾಗ ಗ್ಲಾಸ್ಗೋದ ಕಾರ್ಮಿಕರ ವಠಾರಗಳು ಕಿಕ್ಕಿರಿದಿದ್ದವು. ಒಂದೊಂದು ಕೋಣೆಯಲ್ಲಿ ಒಂದೊಂದು ಸಂಸಾರ, ಹಲವು ಸಂಸಾರಗಳಿಗೆ ಒಂದೇ ಶೌಚಾಲಯ. ಈ ಜನಕ್ಕೆ ಗಾಳಿ ಬೆಳಕು ಕೊಡಬೇಕೆಂದು ಸರ್ಕಾರ 1946ರಲ್ಲಿ ಒಂದು ಕಾಯಿದೆ ಮಾಡಿ, ಹೊಸ ಪಟ್ಟಣಗಳನ್ನು ಕಟ್ಟಲು ಹೊರಟಿತು. ಸ್ಕಾಟ್ಲೆಂಡಿನಲ್ಲಿ ಹಾಗೆ 1947ರಲ್ಲಿ ಗೊತ್ತುಮಾಡಿದ ಮೊದಲನೆಯ ಪಟ್ಟಣ ಇದು. ಒಂದು ಚಿಕ್ಕ ಹಳ್ಳಿಯ ಸುತ್ತ ನಕ್ಷೆ ಹರಡಿ ಬೀದಿ, ಮನೆ, ಕಾರ್ಖಾನೆ, ಅಂಗಡಿಸಾಲು ಎಲ್ಲವನ್ನೂ ಅಳತೆಪಟ್ಟಿ ಹಿಡಿದು ಕಟ್ಟಿದರು.

ಸ್ವಚ್ಛವಾದ ಊರು. ಮಕ್ಕಳು ವಾಹನಗಳ ಭಯವಿಲ್ಲದೆ ಶಾಲೆಗೆ ನಡೆದು ಹೋಗಬಹುದು. ರಸ್ತೆಗಳು ಕೂಡುವಲ್ಲೆಲ್ಲ ಗುಂಡನೆಯ ವೃತ್ತಗಳು. ಅವು ಎಷ್ಟಿವೆಯೆಂದರೆ, ನಡುವೆ ತೂತಿರುವ ಪೆಪ್ಪರ್‌ಮಿಂಟಿನ ಹೆಸರಿನಿಂದ ಆ ಊರನ್ನು ‘ಪೋಲೋ ಮಿಂಟ್ ಸಿಟಿ’ ಎಂದು ಹಾಸ್ಯ ಮಾಡುತ್ತಾರೆ. ಮನೆಗಳೂ ಒಂದೇ ಅಚ್ಚಿನವು. ಡಿಸೆಂಬರಿನಲ್ಲಿ ಅಲ್ಲಿ ಮಧ್ಯಾಹ್ನ ನಾಲ್ಕು ಹೊಡೆಯುವ ಮೊದಲೇ ಸೂರ್ಯ ಮುಳುಗುತ್ತಾನೆ. ಅಂಥದೊಂದು ಸಂಜೆ ನಾನು ನನ್ನ ಮನೆಯೆಂದೇ ತಿಳಿದು ಮತ್ತೊಬ್ಬರ ಮನೆಯ ಬಾಗಿಲಿಗೆ ಬೀಗದಕೈ ಹಾಕಿ ತಿರುಗಿಸುತ್ತಿದ್ದೆ. ಒಳಗಿನಿಂದ ಬಂದ ವೃದ್ಧೆ ಸ್ವಲ್ಪವೂ ಬೇಸರಿಸದೆ, ಇದು ವಾರಕ್ಕೊಮ್ಮೆ ಆಗುವುದೇ ಎಂಬಂತೆ, ಮುಂದಿನ ಬೀದಿಯ ಕಡೆ ಕೈತೋರಿಸಿದಳು.

ಇಂಥ ಊರಿಗೆ ಒಂದು ಕೊರತೆ ಇರುತ್ತದೆ. ನಮ್ಮ ಎಷ್ಟೇ ಸಣ್ಣ ಊರಾದರೂ ಒಂದು ಹಾಳು ಕೋಟೆಯೋ, ಬತ್ತಿದ ಕಲ್ಯಾಣಿಯೋ, ಊರಮುಂದಿನ ವೀರಗಲ್ಲೋ ಇದ್ದು, ನಿನಗಿಂತ ಮೊದಲೂ ಇಲ್ಲಿ ಬಾಳಿದವರಿದ್ದರು ಎಂದು ಹೇಳುತ್ತಿರುತ್ತದೆ. ಹಳೆಯ ಹಳ್ಳಿಯ ನಾಲ್ಕು ಬೀದಿಗಳನ್ನು ಬಿಟ್ಟರೆ ಅಲ್ಲಿ ಆ ಮಾತು ಹೇಳುವ ಕಲ್ಲೊಂದೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಆ ಊರಿಗೆ ಚರಿತ್ರೆಯೇ ಇಲ್ಲವೆಂದು ನಾನು ತಿಳಿದಿದ್ದೆ. ತಪ್ಪು ತಿಳಿದಿದ್ದೆ. 1973ರಲ್ಲಿ ದಕ್ಷಿಣ ಅಮೆರಿಕದ ಚಿಲಿ ದೇಶದಲ್ಲಿ ಸೇನೆ ಅಧಿಕಾರ ಕಸಿದುಕೊಂಡಿತಷ್ಟೆ. ಆ ಸೇನೆಯ ವಿಮಾನಗಳ ಎಂಜಿನುಗಳು ದುರಸ್ತಿಗೆಂದು ಈಸ್ಟ್ ಕಿಲ್‌ಬ್ರೈಡಿನ ರೋಲ್ಸ್ ರಾಯ್ಸ್ ಕಾರ್ಖಾನೆಗೆ ಬಂದಿದ್ದವು. 1974ರಲ್ಲಿ ಅಲ್ಲಿನ ಕೆಲಸಗಾರರು ಅವನ್ನು ಮುಟ್ಟುವುದಿಲ್ಲವೆಂದು ನಿರಾಕರಿಸಿದರು. ಎಂಜಿನುಗಳು ವರ್ಷಗಟ್ಟಲೆ ಬಯಲಿನಲ್ಲಿ ಮಳೆಗೆ ನೆನೆದು ತುಕ್ಕು ಹಿಡಿದವು. 2015ರಲ್ಲಿ ಚಿಲಿ ಸರ್ಕಾರ, ಆ ವೇಳೆಗೆ ಮುದುಕರಾಗಿದ್ದ ಆ ಕೆಲಸಗಾರರನ್ನು ಗೌರವಿಸಿತು. ನಾನು ದಿನವೂ ಆ ಊರಿನಲ್ಲಿ ಓಡಾಡಿದರೂ ಈ ಸಂಗತಿಯನ್ನು ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಚರಿತ್ರೆ ಕಲ್ಲಿನಲ್ಲಿಯೇ ಇರಬೇಕೆಂದಿಲ್ಲ.

ಈ ಊರಿಗೆ ಗ್ಲಾಸ್ಗೋದಿಂದ ಬಂದು ನೆಲಸಿದ ಸಂಸಾರಗಳಲ್ಲಿ ರೀಡ್ ಎಂಬುವರದೂ ಒಂದು. ದೊಡ್ಡ ಮಗ ವಿಲಿಯಂ 1958ರಲ್ಲಿ, ತಮ್ಮ ಜಿಮ್ 1961ರಲ್ಲಿ ಹುಟ್ಟಿದವರು. ತಂದೆ ಕಾರ್ಖಾನೆಯ ಕೆಲಸಗಾರ. ಅಣ್ಣತಮ್ಮಂದಿರಿಬ್ಬರೂ ಮಾತು ಕಡಿಮೆ, ಸಂಕೋಚ ಹೆಚ್ಚು. 1976-77ರ ಸುಮಾರಿಗೆ ಇಂಗ್ಲೆಂಡಿನಲ್ಲಿ ‘ಪಂಕ್’ ಎಂಬ ಒರಟು ಸಂಗೀತದ ಅಲೆ ಎದ್ದಾಗ, ಶಾಸ್ತ್ರ ಕಲಿಯದವನೂ ಗಿಟಾರ್ ಹಿಡಿಯಬಹುದೆಂಬ ಧೈರ್ಯ ಇವರಿಗೆ ಬಂತು. ಇದ್ದ ಸಣ್ಣಪುಟ್ಟ ಕೆಲಸಗಳನ್ನು ಬಿಟ್ಟರು. ಸುಮಾರು ಐದು ವರ್ಷ ನಿರುದ್ಯೋಗ ಭತ್ಯೆಯ ಮೇಲೆಯೇ ಬದುಕಿದರು. ಆ ಐದು ವರ್ಷ ಅವರು ಮಾಡಿದ ಕೆಲಸವೆಂದರೆ ಮನೆಯಲ್ಲಿ ಕುಳಿತು ಹಾಡು ಕೇಳುವುದು, ಹಾಡು ಕಟ್ಟುವುದು, ಇನ್ನೂ ಹುಟ್ಟದ ತಮ್ಮ ವಾದ್ಯವೃಂದ ಹೇಗಿರಬೇಕೆಂದು ರಾತ್ರಿಯಿಡೀ ಮಾತನಾಡುವುದು.

ಆ ಕಾಲದ ಬ್ರಿಟನ್ನನ್ನು ಕಂಡವನಾಗಿ ಒಂದು ಮಾತು ಸೇರಿಸುತ್ತೇನೆ. ನಾನಲ್ಲಿದ್ದಾಗ ಆ ದೇಶದಲ್ಲಿ ನಿರುದ್ಯೋಗಿಗಳ ಸಂಖ್ಯೆ 30 ಲಕ್ಷ ದಾಟಿತ್ತು. ಗಣಿ ಕಾರ್ಮಿಕರ ಮುಷ್ಕರ 1984ರ ಮಾರ್ಚಿಯಲ್ಲಿ ಪ್ರಾರಂಭವಾಗಿ ಒಂದು ವರ್ಷ ನಡೆದು ಸೋಲಿನಲ್ಲಿ ಮುಗಿಯಿತು. ಎರಡು ವಾರಕ್ಕೊಮ್ಮೆ ಬರುವ ಭತ್ಯೆಯ ಚೆಕ್ಕನ್ನು ಹಿಡಿದು ಅಂಚೆಕಚೇರಿಯ ಮುಂದೆ ಸಾಲು ನಿಂತ ಯುವಕರನ್ನು ನಾನು ನೋಡುತ್ತಿದ್ದೆ. ಕಪ್ಪು ಬಟ್ಟೆ, ಕೆದರಿದ ಕೂದಲು. ಕೆಲಸವಿಲ್ಲದಿದ್ದರೂ ಸರ್ಕಾರ ದುಡ್ಡು ಕೊಡುತ್ತದೆ, ಇವರಿಗೇನು ಕಷ್ಟ ಎಂದುಕೊಂಡು ನನ್ನ ಪಾಡಿಗೆ ಅಂಚೆಚೀಟಿ ಕೊಂಡು ಬರುತ್ತಿದ್ದೆ. ರೀಡ್ ಸೋದರರನ್ನು ನೋಡಿದೆನೆಂದು ಹೇಳಿದರೆ ಸುಳ್ಳಾಗುತ್ತದೆ. ನಾನು ಹೋಗುವ ವೇಳೆಗೆ ಅವರು ಲಂಡನ್ನಿನ ಹಾದಿ ಹಿಡಿದಿದ್ದರು. ಆದರೆ ನೋಡಿದ್ದರೂ ನಾನು ಅವರನ್ನು ಆ ಸಾಲಿನಲ್ಲಿಯೇ ನಿಲ್ಲಿಸುತ್ತಿದ್ದೆ ಎಂಬುದರಲ್ಲಿ ಸಂದೇಹವಿಲ್ಲ.

1983ರಲ್ಲಿ ತಂದೆಯ ಕೆಲಸವೂ ಹೋಯಿತು. ಕೆಲಸದಿಂದ ತೆಗೆದಾಗ ಪರಿಹಾರವೆಂದು ಕೊಟ್ಟ ಹಣದಲ್ಲಿ 300 ಪೌಂಡುಗಳನ್ನು ಆತ ತನ್ನ ಮಕ್ಕಳಿಗೆ ಕೊಟ್ಟ. ಶ್ರೋತೃಗಳು ಈ ಸನ್ನಿವೇಶವನ್ನು ಒಂದು ಕ್ಷಣ ಕಣ್ಣಮುಂದೆ ತಂದುಕೊಳ್ಳಬೇಕು. ಮನೆಯಲ್ಲಿ ಇನ್ನು ಮುಂದೆ ಸಂಬಳವಿಲ್ಲ. ದೊಡ್ಡ ಮಗನಿಗೆ ಸುಮಾರು ಇಪ್ಪತ್ತೈದು ವರ್ಷ, ಚಿಕ್ಕವನಿಗೆ ಸುಮಾರು ಇಪ್ಪತ್ತೆರಡು. ಇಬ್ಬರೂ ಐದು ಕಾಸು ಸಂಪಾದಿಸದವರು. ಅಂಥವರ ಕೈಗೆ, ಹಾಡು ಮುದ್ರಿಸಿಕೊಳ್ಳುವ ಯಂತ್ರ ತಂದುಕೊಳ್ಳಿ ಎಂದು ತನ್ನ ಕಡೆಯ ಹಣದಲ್ಲಿ ಒಂದು ಪಾಲನ್ನು ಕೊಡುವ ತಂದೆ ಎಂಥವನಿರಬೇಕು?

ಅವರು ಕೊಂಡದ್ದು ‘ಪೋರ್ಟಾಸ್ಟುಡಿಯೋ’ ಎಂಬ ಪೆಟ್ಟಿಗೆ. ನಮ್ಮ ನಿಮ್ಮ ಮನೆಯಲ್ಲಿದ್ದ ಸಾಮಾನ್ಯ ಕ್ಯಾಸೆಟ್ಟಿನ ಟೇಪಿನ ಮೇಲೆ ನಾಲ್ಕು ಜಾಡುಗಳಿರುತ್ತವೆ: ಒಂದು ಮಗ್ಗುಲಿಗೆ ಎರಡು, ತಿರುಗಿಸಿ ಹಾಕಿದರೆ ಇನ್ನೆರಡು. ಈ ಯಂತ್ರ ನಾಲ್ಕನ್ನೂ ಒಂದೇ ದಿಕ್ಕಿನಲ್ಲಿ, ಬೇರೆ ಬೇರೆಯಾಗಿ ಬಳಸುತ್ತದೆ. ಮೊದಲು ತಾಳ ಮುದ್ರಿಸಿ, ಅದನ್ನು ಕೇಳುತ್ತ ಗಿಟಾರ್ ನುಡಿಸಿ, ಅದರ ಮೇಲೆ ಮತ್ತೊಂದು ಗಿಟಾರ್, ಕೊನೆಗೆ ಹಾಡು ಸೇರಿಸಬಹುದು. ಅದುವರೆಗೆ ಗಂಟೆಗಿಷ್ಟು ಎಂದು ಹಣ ತೆತ್ತು ಸ್ಟುಡಿಯೋಗಳಲ್ಲಿ ಮಾಡಬೇಕಾಗಿದ್ದ ಕೆಲಸ ಮಲಗುವ ಕೋಣೆಗೆ ಬಂತು. ಸಣ್ಣ ಊರಿನ ಬಡವರ ಮನೆಯ ಸಂಗೀತ ಹೊರಗೆ ಬರಲು ಪ್ರತಿಭೆಯಷ್ಟೇ ಈ ಪೆಟ್ಟಿಗೆಯೂ ಕಾರಣವೆಂಬುದನ್ನು ಮೇಷ್ಟರಾದ ನಾನು ಮರೆಯಲಾರೆ.

ಇನ್ನು ಅವರು ಅದರಲ್ಲಿ ತುಂಬಿದ್ದೇನು? ಪಾಶ್ಚಾತ್ಯರಲ್ಲಿ ‘ಗ್ಯಾರೇಜ್ ರಾಕ್’ ಎಂದು ಒಂದು ಬಗೆಯಿದೆ. ನಮಗೆ ಗ್ಯಾರೇಜ್ ಎಂದರೆ ಲಾರಿ ರಿಪೇರಿಯ ಜಾಗ. ಅಮೆರಿಕದಲ್ಲಿ ಅದು ಮನೆಯ ಕಾರು ನಿಲ್ಲಿಸುವ ಕೊಟ್ಟಿಗೆ. 1960ರ ದಶಕದ ನಡುವೆ ಅಲ್ಲಿನ ಹುಡುಗರು ತಂದೆಯ ಕಾರನ್ನು ಹೊರಗೆ ತಳ್ಳಿ, ಕೊಟ್ಟಿಗೆಯಲ್ಲಿ ನಾಲ್ಕು ಜನ ಸೇರಿ, ಬಲ್ಲ ಮೂರು ಸ್ವರಮೇಳಗಳನ್ನೇ ಕಿವಿ ಕಿತ್ತುಹೋಗುವಂತೆ ಬಾರಿಸಿದ್ದರಿಂದ ಈ ಹೆಸರು ಬಂತು. ರೀಡ್ ಸೋದರರು ಆ ಒರಟುತನವನ್ನೂ, ‘ವೆಲ್ವೆಟ್ ಅಂಡರ್‌ಗ್ರೌಂಡ್’ ಮತ್ತು ‘ಸ್ಟೂಜಸ್’ ಎಂಬ ಅಮೆರಿಕದ ವೃಂದಗಳ ಕತ್ತಲೆಯನ್ನೂ ಮೆಚ್ಚಿದವರು. ಆದರೆ ಅದೇ ಉಸಿರಿನಲ್ಲಿ ‘ರೊನೆಟ್ಸ್’, ‘ಶಾಂಗ್ರಿಲಾಸ್’ ಮುಂತಾದ ಹುಡುಗಿಯರ ಗುಂಪುಗಳು ಹಾಡಿದ, ಸಕ್ಕರೆಯ ಪಾಕದಂಥ ಪ್ರೇಮಗೀತೆಗಳನ್ನೂ ಪ್ರೀತಿಸಿದವರು. ಒರಟನ್ನು ಮೆಚ್ಚಿದವರು ಸಿಹಿಯನ್ನು ನಗೆಯಾಡಬೇಕು, ಸಿಹಿ ಬೇಕೆನ್ನುವವರು ಕಿವಿ ಮುಚ್ಚಿಕೊಳ್ಳಬೇಕು ಎಂಬುದು ಅಂದಿನ ಮರ್ಯಾದೆ. ಎರಡನ್ನೂ ಒಂದೇ ಪಾತ್ರೆಯಲ್ಲಿ ಕುದಿಸಿದರೆ ಏನಾದೀತೆಂದು ಕೇಳಿದ್ದೇ ಈ ಹುಡುಗರ ಹೆಚ್ಚುಗಾರಿಕೆ.

ಈಗ ಆ ಗರಗಸದ ಸದ್ದಿನ ವಿಚಾರ. ನಮ್ಮ ರಾಜ್ಯೋತ್ಸವದ ಸಭೆಗಳಲ್ಲಿ ಅಧ್ಯಕ್ಷರು ಮಾತನಾಡಲು ಎದ್ದ ಕ್ಷಣವೇ ಮೈಕು ಕುಯ್ಯೆಂದು ಕಿರುಚುವುದನ್ನು ತಾವೆಲ್ಲ ಕೇಳಿದ್ದೀರಿ. ಧ್ವನಿವರ್ಧಕದಿಂದ ಹೊರಟ ಸದ್ದು ಮತ್ತೆ ಮೈಕಿಗೇ ಹೋಗಿ, ಇಮ್ಮಡಿಯಾಗಿ ಹೊರಬಂದು, ಮತ್ತೆ ಒಳಹೊಕ್ಕು, ಹೀಗೆ ತನ್ನ ಬಾಲವನ್ನು ತಾನೇ ನುಂಗುವ ಹಾವಿನಂತೆ ಸುತ್ತತೊಡಗುತ್ತದೆ. ಇದನ್ನು ಫೀಡ್‌ಬ್ಯಾಕ್ ಎನ್ನುತ್ತೇವೆ. ಎಂಜಿನಿಯರಿಗೆ ಇದು ನಿವಾರಿಸಬೇಕಾದ ದೋಷ. ವಿದ್ಯುತ್ ಗಿಟಾರನ್ನು ಅದರದೇ ಧ್ವನಿವರ್ಧಕದ ಎದುರಿಗೆ ಹಿಡಿದರೆ ತಂತಿ ತಾನಾಗಿ ಕಂಪಿಸಿ ಹೀಗೆಯೇ ಅರಚುತ್ತದೆ. ಇದರ ಜೊತೆಗೆ ಜಪಾನಿನ ಶಿನ್-ಎಯ್ ಎಂಬ ಕಂಪನಿಯ ‘ಫಜ್’ ಪೆಡಲೊಂದು ಅವರ ಕೈಗೆ ಸಿಕ್ಕಿತ್ತು. ಧ್ವನಿಯ ಅಲೆಯ ನೆತ್ತಿಯನ್ನು ಕತ್ತರಿಸಿ ಚಪ್ಪಟೆಮಾಡಿ, ನುಣುಪಾದ ಸ್ವರವನ್ನು ಒಡಕು ಮಾಡುವ ಉಪಕರಣ ಅದು. ಇವೆರಡನ್ನೂ ಸೇರಿಸಿ ಅವರು ಹಾಡಿನ ಆದಿಯಿಂದ ಅಂತ್ಯದವರೆಗೆ ಒಂದು ಮುಳ್ಳುಬೇಲಿಯನ್ನೇ ಎಬ್ಬಿಸಿದರು. ಬೇಲಿಯ ಆಚೆಗೆ ಮೆಲುದನಿಯಲ್ಲಿ, ತೀರ ಸರಳವಾದ, ಒಂದು ಸಲ ಕೇಳಿದರೆ ಮರೆಯಲಾಗದ ರಾಗವಿತ್ತು.

ನಾನು ಮೊದಲ ದಿನ ಬೇಲಿಯನ್ನಷ್ಟೇ ಕೇಳಿದ್ದೆ. ಮಗ ಹಾಸ್ಟೆಲಿಗೆ ಹಿಂತಿರುಗಿದ ಮೇಲೆ ಮನೆಯಲ್ಲಿ ಉಳಿದಿದ್ದ ಕ್ಯಾಸೆಟ್ಟನ್ನು, ಹೆಂಡತಿ ಪಕ್ಕದ ಮನೆಗೆ ಹೋಗಿದ್ದಾಗ, ಕಳ್ಳನಂತೆ ಮತ್ತೊಮ್ಮೆ ಹಾಕಿದೆ. ಆಗ ನೆನಪಾದದ್ದು ತಂಬೂರಿಯ ಜೀವಾಳ. ಮೀಟಿದ ತಂತಿ ಕುದುರೆಯ ಮೇಲೆ ಶುದ್ಧವಾಗಿ ನುಡಿದರೆ ಅದು ಬರಿಯ ತಂತಿ. ಅದರಡಿಯಲ್ಲಿ ಒಂದೆಳೆ ನೂಲು ಸಿಕ್ಕಿಸಿ, ತಂತಿ ಕುದುರೆಗೆ ತಾಗಿಯೂ ತಾಗದೆ ಝೇಂಕರಿಸುವಂತೆ ಮಾಡುತ್ತೇವೆ. ಲೆಕ್ಕಕ್ಕೆ ಹಿಡಿದರೆ ಅದೂ ಒಡಕೇ, ಗದ್ದಲವೇ. ಆ ಒಡಕಿಗೆ ನಮ್ಮ ಹಿರಿಯರು ‘ಜೀವಾಳ’ವೆಂದು ಹೆಸರಿಟ್ಟರು. ಎರಡೂ ಒಂದೇ ಎಂದು ನಾನು ವಾದಿಸುವುದಿಲ್ಲ. ಸಂಗೀತ ವಿದ್ವಾಂಸರು ನನ್ನನ್ನು ಕ್ಷಮಿಸಬೇಕು. ದೋಷವೆಂದು ನಾನು ಒರೆಸಹೊರಟದ್ದರಲ್ಲಿಯೇ ಆ ಹಾಡಿನ ಜೀವವಿತ್ತೆಂದು ಹೇಳಬಲ್ಲೆ, ಅಷ್ಟೆ.

ಕಥೆಗೆ ಬರುತ್ತೇನೆ. ಇಬ್ಬರಿಗೂ ಹಾಡಲು ಸಂಕೋಚ. ಕೊನೆಗೆ ನಾಣ್ಯ ಚಿಮ್ಮಿದರು, ಸೋತವನು ಹಾಡಬೇಕು. ಜಿಮ್ ಸೋತ, ಹಾಗಾಗಿ ಗಾಯಕನಾದ ಎಂದು ಅವರೇ ಹೇಳಿಕೊಂಡಿದ್ದಾರೆ. ಊರಿನವನೇ ಆದ ಡಗ್ಲಸ್ ಹಾರ್ಟ್ ಎಂಬ ಹುಡುಗ ಬೇಸ್ ಗಿಟಾರ್ ಹಿಡಿದ. ಅವನ ಗಿಟಾರಿನಲ್ಲಿದ್ದುದು ಎರಡೇ ತಂತಿ; ನುಡಿಸಲು ಬರುವುದು ಎರಡೇ ಆದಮೇಲೆ ಉಳಿದೆರಡಕ್ಕೆ ದುಡ್ಡೇಕೆ ಸುರಿಯಬೇಕೆಂಬುದು ಅವರ ತರ್ಕ. ಗ್ಲಾಸ್ಗೋದಲ್ಲಿ ಅವರಿಗೆ ವೇದಿಕೆ ಕೊಡುವವರಿರಲಿಲ್ಲ. ಅಲ್ಲಿನ ಕ್ಲಬ್ಬೊಂದಕ್ಕೆ ತಮ್ಮ ಕ್ಯಾಸೆಟ್ಟನ್ನು ಕೊಟ್ಟು ಬಂದರು. ಹೊಸ ಕ್ಯಾಸೆಟ್ಟಿಗೆ ಹಣವಿಲ್ಲದ್ದರಿಂದಲೋ ಏನೋ, ಅದರ ಮತ್ತೊಂದು ಮಗ್ಗುಲಲ್ಲಿ ಸಿಡ್ ಬ್ಯಾರೆಟ್ ಎಂಬ ಹಳೆಯ ಗಾಯಕನ ಹಾಡುಗಳಿದ್ದವು. ಕ್ಲಬ್ಬಿನವನಿಗೆ ಇವರ ಹಾಡು ಬೇಡವಾಗಿತ್ತು. ಆದರೆ ಬಾಬಿ ಗಿಲೆಸ್ಪಿ ಎಂಬ ಪರಿಚಿತನಿಗೆ ಬ್ಯಾರೆಟ್ ಎಂದರೆ ಪ್ರಾಣವೆಂದು ತಿಳಿದು ಅವನಿಗೆ ಕೊಟ್ಟ. ಅವನು ಆ ಮಗ್ಗುಲು ಕೇಳಿ ಮುಗಿಸಿ, ಈ ಮಗ್ಗುಲನ್ನೂ ಹಾಕಿದ. ಹಾಕಿದವನು ಕೂಡಲೆ ಅವರನ್ನು ಹುಡುಕಿ ಫೋನ್ ಮಾಡಿದ. ಲೋಕದಲ್ಲಿ ಎಷ್ಟು ಕ್ಯಾಸೆಟ್ಟುಗಳು ಎರಡನೆಯ ಮಗ್ಗುಲು ತಿರುಗಿಸುವವರಿಲ್ಲದೆ ಕಸದ ಬುಟ್ಟಿ ಸೇರಿರಬಹುದು!

ಗಿಲೆಸ್ಪಿಯ ಗೆಳೆಯ ಅಲನ್ ಮೆಗೀ, ಗ್ಲಾಸ್ಗೋದವನು, ಆಗ ಲಂಡನ್ನಿನಲ್ಲಿದ್ದ. ಬ್ರಿಟಿಷ್ ರೈಲ್ವೆಯಲ್ಲಿ ಗುಮಾಸ್ತನಾಗಿದ್ದವನು 1983ರಲ್ಲಿ ‘ಕ್ರಿಯೇಷನ್’ ಎಂಬ ಪುಟ್ಟ ಧ್ವನಿಮುದ್ರಿಕೆಗಳ ಸಂಸ್ಥೆ ಕಟ್ಟಿದ್ದ. ಒಂದು ಪಬ್ಬಿನ ಮಹಡಿಯಲ್ಲಿ ಸಂಗೀತದ ಕೂಟ ನಡೆಸುತ್ತಿದ್ದ. 1984ರ ಜೂನ್ ತಿಂಗಳಲ್ಲಿ ಈಸ್ಟ್ ಕಿಲ್‌ಬ್ರೈಡಿನ ಹುಡುಗರು ಅಲ್ಲಿ ನುಡಿಸಿದರು. ಕೇಳಿದವರು ಬೆರಳೆಣಿಕೆಯಷ್ಟು ಜನ. ಮೆಗೀ ಮಾತ್ರ ಮರುಳಾದ. ಅದೇ ವರ್ಷ ನವೆಂಬರಿನಲ್ಲಿ ‘ಅಪ್‌ಸೈಡ್ ಡೌನ್’ ಎಂಬ ಮೊದಲ ಮುದ್ರಿಕೆ ಹೊರಬಂತು. ಅದರ ಹಿಂಬದಿಗೆ ಅವರು ಹಾಕಿದ್ದು ಸಿಡ್ ಬ್ಯಾರೆಟ್ಟನ ಒಂದು ಗೀತೆ. ಋಣ ತೀರಿಸಿದರೆಂದೇ ನನಗೆ ತೋರುತ್ತದೆ. ಚಿಕ್ಕ ಸಂಸ್ಥೆಗಳ ಮುದ್ರಿಕೆಗಳ ಪಟ್ಟಿಯಲ್ಲಿ ಅದು 1985ರ ಮೊದಲ ತಿಂಗಳುಗಳಲ್ಲಿ ಅಗ್ರಸ್ಥಾನಕ್ಕೇರಿ, ವರ್ಷಕ್ಕೂ ಮಿಕ್ಕಿ ಪಟ್ಟಿಯಲ್ಲಿ ಉಳಿಯಿತು. ಮೊದಲ ಡ್ರಮ್ ವಾದಕ ಬಿಟ್ಟುಹೋದಾಗ ಗಿಲೆಸ್ಪಿಯೇ ಬಂದ. ಎರಡೇ ಡ್ರಮ್ಮುಗಳನ್ನು ಎದುರಿಗಿಟ್ಟುಕೊಂಡು, ಕೂರದೆ ನಿಂತೇ ಬಾರಿಸುತ್ತಿದ್ದ.

ಇಲ್ಲಿ ರೇಡಿಯೋದ ಪಾತ್ರವನ್ನು ನೆನೆಯದಿದ್ದರೆ ಈ ಜಾಗದಲ್ಲಿ ಕುಳಿತು ನಾನು ಮಾತನಾಡುವುದಕ್ಕೆ ಅರ್ಥವಿಲ್ಲ. ಬಿ.ಬಿ.ಸಿ.ಯಲ್ಲಿ ಜಾನ್ ಪೀಲ್ ಎಂಬ ನಿರೂಪಕನಿದ್ದ; 2004ರಲ್ಲಿ ತೀರಿಕೊಂಡ. ರಾತ್ರಿ ಹೊತ್ತು, ಹೆಸರಿಲ್ಲದ ಊರುಗಳ ಹೆಸರಿಲ್ಲದ ಹುಡುಗರ ಹಾಡುಗಳನ್ನು ಪ್ರಸಾರಮಾಡುವುದನ್ನೇ ವ್ರತವಾಗಿ ಇಟ್ಟುಕೊಂಡಿದ್ದವನು. 1984ರಲ್ಲಿಯೇ ಇವರನ್ನು ಕರೆಸಿ ಹಾಡಿಸಿದ. ಅದೇ ಸಂಸ್ಥೆಯ ಮತ್ತೊಬ್ಬ ನಿರೂಪಕ 1986ರಲ್ಲಿ ಇವರ ಇನ್ನೊಂದು ಹಾಡಿನಲ್ಲಿ ಮಾದಕ ದ್ರವ್ಯದ ಸೂಚನೆಯಿದೆಯೆಂದು ಹೇಳಿ ಅದನ್ನು ಹಾಕಲಾರೆನೆಂದ. ಹಾಕದಿದ್ದರೂ ಆ ಹಾಡು ದೇಶದ ಪಟ್ಟಿಯಲ್ಲಿ 13ನೆಯ ಸ್ಥಾನಕ್ಕೆ ಬಂತು. ಮುಚ್ಚಿದ ಬಾಗಿಲಿಗೂ ಒಂದು ಪ್ರಚಾರವಿರುತ್ತದೆ.

ಪ್ರಚಾರದ ವಿಷಯ ಬಂದಾಗ ಒಂದು ಕಹಿ ಅಧ್ಯಾಯವನ್ನೂ ಹೇಳಲೇಬೇಕು. ಅವರು ಸಭೆಗೆ ಬೆನ್ನು ತಿರುಗಿಸಿ, ಇಪ್ಪತ್ತು ನಿಮಿಷ ನುಡಿಸಿ, ಇಳಿದು ಹೋಗುತ್ತಿದ್ದರು. ಅದಕ್ಕಿಂತ ಹೆಚ್ಚು ಹೊತ್ತು ಕೇಳಿಸಿಕೊಳ್ಳುವ ಯೋಗ್ಯತೆ ಯಾವ ವೃಂದಕ್ಕೂ ಇಲ್ಲ ಎಂಬ ಉತ್ತರ ಬೇರೆ. 1985ರ ಮಾರ್ಚಿ 15ರಂದು ಲಂಡನ್ನಿನ ಒಂದು ಪಾಲಿಟೆಕ್ನಿಕ್ಕಿನಲ್ಲಿ ಜನ ಮಿತಿಮೀರಿ ಸೇರಿದ್ದರು. ಎಷ್ಟೋ ಮಂದಿ ಹೊರಗೇ ಉಳಿದಿದ್ದರು. ವೃಂದ ತಡವಾಗಿ ಬಂದು ಬೇಗ ಇಳಿಯಿತು. ರೊಚ್ಚಿಗೆದ್ದ ಜನ ವೇದಿಕೆಗೆ ನುಗ್ಗಿ ಉಪಕರಣಗಳನ್ನು ಒಡೆದು ಹಾಕಿದರು. ಪತ್ರಿಕೆಗಳಿಗೆ ಹಬ್ಬವಾಯಿತು. ಮೆಗೀ ಈ ಗಲಭೆಯನ್ನು ಕಲೆಯೆಂದೇ ಹೊಗಳಿದ. ನನಗೆ ಅದರಲ್ಲಿ ಕಲೆ ಕಾಣುವುದಿಲ್ಲ. ಸಂಕೋಚದ ಇಬ್ಬರು ಹುಡುಗರು ಬೆನ್ನು ತಿರುಗಿಸಿದ್ದು ಧಾರ್ಷ್ಟ್ಯವೆಂದು ಮಾರಾಟವಾಯಿತು. ಆಮೇಲೆ ಜನ ಹಾಡಿಗಾಗಿ ಬರದೆ ಜಗಳಕ್ಕಾಗಿ ಬರತೊಡಗಿದರು. ಏಳಿಗೆಯ ಹಾದಿಯಲ್ಲಿ ಇಂಥದೊಂದು ಸುಂಕದ ಕಟ್ಟೆ ಇರುತ್ತದೆಂದು ಕಾಣುತ್ತದೆ.

ಜಗಳ ಮರೆತುಹೋಗುವಂಥದೊಂದು ಕೆಲಸವನ್ನು ಅವರು ಅದೇ ವರ್ಷ ಮಾಡಿದ್ದರಿಂದ ನಾವು ಇಂದೂ ಅವರ ಮಾತನಾಡುತ್ತಿದ್ದೇವೆ. 1985ರ ನವೆಂಬರಿನಲ್ಲಿ, ಒಂದು ದೊಡ್ಡ ಕಂಪನಿಯ ಆಶ್ರಯದ ‘ಬ್ಲಾಂಕೋ ಇ ನೀಗ್ರೋ’ ಸಂಸ್ಥೆಯಿಂದ ‘ಸೈಕೋಕ್ಯಾಂಡಿ’ ಎಂಬ ಅವರ ಮೊದಲ ಧ್ವನಿಮುದ್ರಿಕೆ ಹೊರಬಂತು. ಹೆಸರನ್ನು ಕನ್ನಡಿಸಿದರೆ ‘ಹುಚ್ಚು ಮಿಠಾಯಿ’ ಎಂದೇನೋ ಆದೀತು. 14 ಹಾಡು, 39 ನಿಮಿಷ. ಪಟ್ಟಿಯಲ್ಲಿ ಅದು ಮುಟ್ಟಿದ್ದು 31ನೆಯ ಸ್ಥಾನವನ್ನಷ್ಟೆ. ಮೊದಲ ಹಾಡು ‘ಜಸ್ಟ್ ಲೈಕ್ ಹನಿ’. ಅದರ ಪ್ರಾರಂಭದ ಡ್ರಮ್ಮಿನ ನಡೆ, 1963ರಲ್ಲಿ ರೊನೆಟ್ಸ್ ಹಾಡಿದ ‘ಬಿ ಮೈ ಬೇಬಿ’ ಎಂಬ ಪ್ರೇಮಗೀತೆಯದೇ. ನ್ಯೂಯಾರ್ಕಿನ ಹುಡುಗಿಯರ ಆ ತಾಳ ಇಪ್ಪತ್ತೆರಡು ವರ್ಷ ಪ್ರಯಾಣ ಮಾಡಿ, ವೃತ್ತಗಳ ಊರಿನ ಹುಡುಗರ ಮಂಜಿನಲ್ಲಿ ಮುಳುಗಿ ಮೇಲೆದ್ದಿತ್ತು. ನನಗೆ ಆ ಹಾಡಿನಲ್ಲಿ ಕೇಳುವುದು ಆ ಊರಿನ ಡಿಸೆಂಬರ್ ಸಂಜೆ: ಒಂದೇ ಅಚ್ಚಿನ ಮನೆಗಳ ಸಾಲು, ತೊಟ್ಟಿಕ್ಕುವ ಮಳೆ, ಎಲ್ಲೋ ಒಂದು ಕಿಟಕಿಯಲ್ಲಿ ಹಳದಿ ದೀಪ.

ಮುಂದಿನ ಕಥೆಯನ್ನು ಬೇಗ ಹೇಳಿಬಿಡುತ್ತೇನೆ. 1986ರಲ್ಲಿ ಗಿಲೆಸ್ಪಿ ತನ್ನದೇ ಆದ ‘ಪ್ರೈಮಲ್ ಸ್ಕ್ರೀಮ್’ ವೃಂದಕ್ಕೆ ಹೊರಟುಹೋದ. ಸೋದರರು ಡ್ರಮ್ಮಿನ ಬದಲು ತಾಳಯಂತ್ರವಿಟ್ಟುಕೊಂಡು, ಬೇಲಿಯನ್ನು ಬಹುಪಾಲು ಕಿತ್ತುಹಾಕಿ, 1987ರಲ್ಲಿ ‘ಡಾರ್ಕ್‌ಲ್ಯಾಂಡ್ಸ್’ ತಂದರು. ಅದು 5ನೆಯ ಸ್ಥಾನಕ್ಕೇರಿತು. ಅವರ ಗದ್ದಲದಿಂದ ಪಾಠ ಕಲಿತ ಹೊಸ ವೃಂದಗಳ ಒಂದು ಪೀಳಿಗೆಯೇ ಬೆಳೆಯಿತು. ಮೆಗೀಯ ಪುಟ್ಟ ಸಂಸ್ಥೆ ಮುಂದೆ ‘ಓಯಸಿಸ್’ ವೃಂದವನ್ನು ಲೋಕಕ್ಕೆ ಪರಿಚಯಿಸಿ ಸಿರಿವಂತವಾಯಿತು. ಇತ್ತ ಅಣ್ಣತಮ್ಮಂದಿರು ದೇಶ ದೇಶ ಸುತ್ತಿದರು, ಕುಡಿತಕ್ಕೆ ಬಿದ್ದರು, ಒಬ್ಬರನ್ನೊಬ್ಬರು ಸಹಿಸಲಾರದೆ ಹೋದರು. 1998ರಲ್ಲಿ ಬಂದ ಅವರ ಧ್ವನಿಮುದ್ರಿಕೆ ರಾಕ್ ಸಂಗೀತವನ್ನು ಪ್ರೀತಿಸುತ್ತೇನೆಂಬ ಜಿಮ್‌ನ ಹಾಡಿನಿಂದ ಪ್ರಾರಂಭವಾಗಿ, ಅದನ್ನು ದ್ವೇಷಿಸುತ್ತೇನೆಂಬ ವಿಲಿಯಂನ ಹಾಡಿನಿಂದ ಮುಗಿಯುತ್ತದೆ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಲಾಸ್ ಏಂಜಲಿಸ್ ನಗರದ ವೇದಿಕೆಯಲ್ಲಿ ತಮ್ಮ ಕುಡಿದು ತೂರಾಡುತ್ತಿದ್ದ; ಅಣ್ಣ ಗಿಟಾರ್ ಇಳಿಸಿ ನಡೆದುಬಿಟ್ಟ. ಮರುವರ್ಷ ವೃಂದ ಮುಗಿಯಿತೆಂದು ಪ್ರಕಟವಾಯಿತು. ಒಂದು ಕೋಣೆಯಲ್ಲಿ ಕುಳಿತು ಐದು ವರ್ಷ ಒಂದೇ ಕನಸು ಕಂಡವರು ವರ್ಷಗಟ್ಟಲೆ ದೂರವಾದರು.

2003ರಲ್ಲಿ ಸೋಫಿಯಾ ಕೊಪೊಲಾ ನಿರ್ದೇಶಿಸಿದ ‘ಲಾಸ್ಟ್ ಇನ್ ಟ್ರಾನ್ಸ್‌ಲೇಷನ್’ ಚಿತ್ರದ ಕೊನೆಯ ದೃಶ್ಯದಲ್ಲಿ ‘ಜಸ್ಟ್ ಲೈಕ್ ಹನಿ’ ಮೂಡಿಬಂದಾಗ, ಅದು ಹುಟ್ಟಿದಾಗ ಇನ್ನೂ ಹುಟ್ಟದಿದ್ದ ಮಕ್ಕಳು ಅದನ್ನು ಕೇಳಿದರು. 2007ರಲ್ಲಿ ಕ್ಯಾಲಿಫೋರ್ನಿಯಾದ ಕೋಚೆಲ್ಲಾ ಉತ್ಸವದಲ್ಲಿ ಅಣ್ಣತಮ್ಮಂದಿರು ಮತ್ತೆ ಒಂದೇ ವೇದಿಕೆ ಏರಿದರು. ಆಮೇಲೆ ‘ಸೈಕೋಕ್ಯಾಂಡಿ’ಯನ್ನು ಮೊದಲಿನಿಂದ ಕೊನೆಯವರೆಗೆ ಊರೂರುಗಳಲ್ಲಿ ನುಡಿಸಿದರು. 2024ರಲ್ಲಿ ‘ಗ್ಲಾಸ್ಗೋ ಐಸ್’ ಎಂಬ ಹೊಸ ಧ್ವನಿಮುದ್ರಿಕೆ ತಂದರು. ಅದನ್ನು ಮುದ್ರಿಸಲು ಅವರು ಗ್ಲಾಸ್ಗೋ ನಗರಕ್ಕೇ ಹೋಗಿದ್ದರು. ತಂದೆತಾಯಿ ಗಾಳಿ ಬೆಳಕು ಹುಡುಕಿಕೊಂಡು ಬಿಟ್ಟುಬಂದ ನಗರ ಅದು. ಈಗ ಇಬ್ಬರೂ ಅರವತ್ತು ದಾಟಿದವರು.

ಇಷ್ಟು ಹೇಳಿದ ಮೇಲೆ ಒಂದು ಮಾತು ನನ್ನಲ್ಲಿಯೇ ಉಳಿದರೆ ಈ ಭಾಷಣ ಅಪ್ರಾಮಾಣಿಕವಾಗುತ್ತದೆ. 1991ರ ಅದೇ ದಸರಾ ರಜೆಯಲ್ಲಿ, ಕ್ಯಾಸೆಟ್ ಪ್ರಸಂಗ ನಡೆದ ಮೂರನೆಯ ದಿನ, ನನ್ನ ಮಗ ಒಂದು ಗಿಟಾರ್ ಕೊಡಿಸಿ ಎಂದು ಕೇಳಿದ. ಸಾವಿರ ರೂಪಾಯಿಯ ಆಸುಪಾಸು. ನನಗೆ ಆಗ ಸಂಬಳ ಬರುತ್ತಿತ್ತು, ಬ್ಯಾಂಕಿನಲ್ಲಿ ಹಣವಿತ್ತು. “ಮೊದಲು ಓದು ಮುಗಿಸು. ಈ ಕೂಗಾಟ ಹೊಟ್ಟೆಗೆ ಅನ್ನ ಹಾಕುವುದಿಲ್ಲ,” ಎಂದೆ. ಅವನು ಎರಡನೆಯ ಸಲ ಕೇಳುವ ಜಾತಿಯವನಲ್ಲ. ಓದು ಮುಗಿಸಿದ, ಒಳ್ಳೆಯ ಕೆಲಸ ಹಿಡಿದ, ಸಂಸಾರಸ್ಥನಾಗಿದ್ದಾನೆ. ನಾನು ಹೇಳಿದ್ದರಲ್ಲಿ ತಪ್ಪಿರಲಿಲ್ಲವೆಂದು ಬಹುಕಾಲ ನಂಬಿಕೊಂಡಿದ್ದೆ.

ಈಸ್ಟ್ ಕಿಲ್‌ಬ್ರೈಡಿನ ತಂದೆಯ ಆ 300 ಪೌಂಡುಗಳ ವಿಷಯವನ್ನು ಓದಿದ್ದು ತೀರ ಈಚೆಗೆ. ಓದಿದ ದಿನ ರಾತ್ರಿ ಸರಿಯಾಗಿ ನಿದ್ರೆ ಬರಲಿಲ್ಲ. ಅವರ ಮಕ್ಕಳು ಖ್ಯಾತಿ ಗಳಿಸಿದ್ದರಿಂದ ಆತ ಕೊಟ್ಟದ್ದು ಸರಿಯಾಯಿತೆಂದು ನಾನು ಹೇಳುತ್ತಿಲ್ಲ. ಆತ ಕೊಟ್ಟಾಗ ಖ್ಯಾತಿಯ ಸುಳಿವೂ ಇರಲಿಲ್ಲ. ಆ ಪೆಟ್ಟಿಗೆ ಮೂಲೆಯಲ್ಲಿ ಧೂಳು ತಿನ್ನುತ್ತ ಬಿದ್ದಿದ್ದರೂ ಆತ ಕೊಟ್ಟದ್ದು ಕೊಟ್ಟದ್ದೇ. ಮಕ್ಕಳ ಮುಚ್ಚಿದ ಕೋಣೆಯಿಂದ ಬರುತ್ತಿದ್ದ ಗರಗಸದ ಸದ್ದು ಆತನಿಗೂ ಅರ್ಥವಾಗಿರಲಿಕ್ಕಿಲ್ಲ. ಅರ್ಥವಾಗದ್ದಕ್ಕೂ ಆತ ಹಣ ಕೊಟ್ಟ. ಅರ್ಥವಾಗದ್ದನ್ನು ನಾನು ಸ್ಪಿರಿಟ್ ಹಾಕಿ ಒರೆಸಲು ನೋಡಿದೆ.

ಮರುದಿನ ಬೆಳಗ್ಗೆ ಮಗನಿಗೆ ಫೋನ್ ಮಾಡಿದೆ. ಬಳಸು ಮಾತಿಲ್ಲದೆ, “ಅವತ್ತು ಗಿಟಾರ್ ಕೊಡಿಸಬೇಕಾಗಿತ್ತು ಕಣೋ,” ಎಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, “ಬಿಡಿ ಅಪ್ಪ. ಕೊಡಿಸಿದ್ದರೂ ನನಗೆ ನುಡಿಸೋಕೆ ಬರ್ತಿರಲಿಲ್ಲ,” ಎಂದು ನಕ್ಕ. ಇರಬಹುದು. ಆದರೆ ಬರುತ್ತಿರಲಿಲ್ಲವೆಂದು ಅವನಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.

ತಮ್ಮ ಮನೆಯ ನಡುಮನೆಯಿಂದಲೂ ಇಂದು ಯಾವುದಾದರೊಂದು ಸದ್ದು ಕೇಳಿಬರುತ್ತಿರಬಹುದು. ಹತ್ತಿಯನ್ನೂ ಸ್ಪಿರಿಟ್ಟನ್ನೂ ತೆಗೆದುಕೊಂಡು ಏಳುವ ಮೊದಲು ಒಂದು ಹಾಡು ಮುಗಿಯುವವರೆಗಾದರೂ ಕುಳಿತು ಕೇಳಿ ಎಂಬುದಷ್ಟೇ ನನ್ನ ವಿನಂತಿ.